ಬೇಲಿಯಾಚೆಯ ಕೂವೆಮರ

ನಾನು ಆ ಮನೆಗೆ ಸೊಸೆಯಾಗಿ ಹೋದ ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದಾಗ ಮೊದಲು ಕಂಡದ್ದು ಬೇಲಿಯಾಚೆಯ ಒಂದು ಗಳ. ಎರಡು ಕವೆಗೋಲುಗಳ ಮೇಲೆ ಅಡ್ಡ ಮಲಗಿಸಿದ್ದ ಆ ಗಳದ ಉದ್ದಕ್ಕೂ ಸೀರೆಗಳು ಒಣಗುತ್ತಿದ್ದವು. ಸಮುದ್ರದ ಕಡೆಯಿಂದ ಗಾಳಿ ಬಂದಾಗಲೆಲ್ಲ ಎಲ್ಲವೂ ಒಟ್ಟಿಗೆ ಉಬ್ಬಿ, ಪಟಪಟನೆ ಹೊಡೆದುಕೊಂಡು, ಮತ್ತೆ ಸುಮ್ಮನಾಗುತ್ತಿದ್ದವು. ಬಟ್ಟೆ ಒಣಹಾಕಲು ಇಷ್ಟು ದಪ್ಪದ, ಇಷ್ಟು ನೇರವಾದ, ಇಷ್ಟು ಹೊಳೆಯುವ ಮರವೇ? ನಮ್ಮ ಬಯಲುಸೀಮೆಯ ಊರಿನಲ್ಲಾಗಿದ್ದರೆ ಅದನ್ನು ಮನೆಗೆ ತೊಲೆಯಾಗಿ ಏರಿಸಿ ಅರಿಶಿನ ಕುಂಕುಮ ಹಚ್ಚುತ್ತಿದ್ದರು.

"ಅದೇನು ಗಳ ಅತ್ತೆ, ಅಷ್ಟೊಂದು ಚೆನ್ನಾಗಿದೆ?" ಎಂದು ಕೇಳಿದೆ.

ಅತ್ತೆ ಹೊನ್ನಮ್ಮ ಕೋಳಿಗೆ ಅಕ್ಕಿ ಎರಚುತ್ತಿದ್ದರು. ಬೇಲಿಯ ಕಡೆ ಕತ್ತು ಕೂಡ ತಿರುಗಿಸಲಿಲ್ಲ. "ಯಾವ ಗಳ? ನಂಗೆ ಎಂತದೂ ಕಾಣುದಿಲ್ಲಪ್ಪ" ಎಂದರು.

ನಮ್ಮ ಹಿತ್ತಲೇನೂ ಕಡಿಮೆ ವಿಚಿತ್ರವಾಗಿರಲಿಲ್ಲ. ಅಲ್ಲಿ ಒಂದು ಮರದ ದೋಣಿ ಬೋರಲು ಬಿದ್ದಿತ್ತು. ಅದರ ಅಂಚಿನ ಕೆಳಗೆ ಎರಡು ಕಲ್ಲಿಟ್ಟು ಸಂದು ಮಾಡಿದ್ದರು. ಕೋಳಿಗಳು ಅಲ್ಲಿಂದ ಗತ್ತಿನಿಂದ ಒಳಗೆ ಹೋಗಿ ಹೊರಗೆ ಬರುತ್ತಿದ್ದವು. ಊರಿನಲ್ಲಿ ಬೇರೆ ಯಾರ ಕೋಳಿಗೂ ಅಷ್ಟು ಒಳ್ಳೆಯ ಹೆಬ್ಬಲಸಿನ ಮನೆ ಇರಲಿಲ್ಲ.

ವಿಷಯ ತಿಳಿದದ್ದು ಮಧ್ಯಾಹ್ನ ಊಟಕ್ಕೆ ಕೂತಾಗ, ನಮ್ಮವರ ಬಾಯಿಯಿಂದ. ಆ ದೋಣಿಯ ಹೆಸರು ಬೆಳ್ಳಕ್ಕಿ. ಅತ್ತೆಯ ಅಪ್ಪ ಬೊಮ್ಮಯ್ಯನವರು ತಾವೇ ಕಟ್ಟಿದ ಹಾಯಿದೋಣಿ. ಅವರಿಗೆ ಗಂಡುಮಕ್ಕಳಿರಲಿಲ್ಲ, ಇಬ್ಬರು ಹೆಣ್ಣುಮಕ್ಕಳು. ಹೆಣ್ಣು ದೋಣಿ ಹತ್ತಿದರೆ ಮೀನು ಸಿಗುವುದಿಲ್ಲ ಎನ್ನುತ್ತಿದ್ದ ಊರಿನಲ್ಲಿ ಅವರು ದೊಡ್ಡವಳಿಗೆ ಚುಕ್ಕಾಣಿ ಹಿಡಿಯಲು ಕಲಿಸಿದರು, ಚಿಕ್ಕವಳಿಗೆ ಹಾಯಿಯ ಹಗ್ಗ ಕೊಟ್ಟರು. ದೊಡ್ಡವಳೇ ನನ್ನ ಅತ್ತೆ. ಚಿಕ್ಕವಳು ಮಾದೇವಿ, ಬೇಲಿಯಾಚೆಯ ಮನೆಯವಳು.

"ಒಂದು ವರ್ಷ ದೋಣಿ ಪಂದ್ಯದಲ್ಲಿ ಇಬ್ಬರೂ ಸೇರಿ ಬೆಳ್ಳಕ್ಕಿಯನ್ನ ಹೊಳೆಯೊಳಗಿನ ಆಮೆಕಲ್ಲು ಬಂಡೆಗೆ ಗುದ್ದಿಸಿದ್ರು" ಎಂದರು ನಮ್ಮವರು, ದನಿ ತಗ್ಗಿಸಿ. "ಅಮ್ಮ ಹೇಳ್ತಾಳೆ, ಚಿಕ್ಕಮ್ಮ ಹಗ್ಗ ಬಿಟ್ಟದ್ದು ತಡ ಅಂತ. ಚಿಕ್ಕಮ್ಮ ಹೇಳ್ತಾಳೆ, ಅಮ್ಮ ಚುಕ್ಕಾಣಿ ತಿರುಗಿಸಿದ್ದು ತಡ ಅಂತ. ಅವತ್ತಿಂದ ಮಾತಿಲ್ಲ. ಅಜ್ಜ ಸಾಯುವ ಮೊದಲು ದೋಣಿಯನ್ನೇ ಪಾಲು ಮಾಡಿದ. ಒಡಲು ಮತ್ತೆ ಚುಕ್ಕಾಣಿ ಇವಳಿಗೆ. ಹಾಯಿ ಕಟ್ಟುವ ಕೂವೆಮರ ಮತ್ತೆ ಹಾಯಿ ಅವಳಿಗೆ."

ನನಗೆ ನಗು ತಡೆಯಲಾಗಲಿಲ್ಲ. ಹೊಲ ಪಾಲಾದದ್ದು ಕೇಳಿದ್ದೆ, ಮನೆಗೆ ನಡುಗೋಡೆ ಬಿದ್ದದ್ದು ನೋಡಿದ್ದೆ. ದೋಣಿಯನ್ನು ಯಾರಾದರೂ ಪಾಲು ಮಾಡುತ್ತಾರೆಯೇ? ಕೂವೆಯಿಲ್ಲದ ಒಡಲಿನಲ್ಲಿ ಕೋಳಿ ಸಾಕಬಹುದು, ಒಡಲಿಲ್ಲದ ಕೂವೆಯ ಮೇಲೆ ಸೀರೆ ಒಣಗಿಸಬಹುದು. ಇಬ್ಬರೂ ಮಾಡುತ್ತಿದ್ದದ್ದು ಅದನ್ನೇ.

ಹೀಗಿರುವಾಗ ಒಂದು ದಿನ, ಮಳೆಗಾಲ ಮುಗಿಯುತ್ತ ಬಂದಿದ್ದಾಗ, ಅಣ್ಣಪ್ಪಯ್ಯನವರು ಬಂದರು. ದಂಡೆಯ ಮೇಲೆ ಹೊಸದಾಗಿ ವಸತಿಗೃಹ ಕಟ್ಟಿಸುತ್ತಿದ್ದ ದೊಡ್ಡ ಮನುಷ್ಯರು, ಮಾತು ಬಲು ನಯ. ದೋಣಿಯನ್ನು ಸುತ್ತು ಹಾಕಿ ನೋಡಿದರು. "ಹೊನ್ನಮ್ಮ, ಇದನ್ನು ನನಗೆ ಕೊಟ್ಟುಬಿಡಿ. ಅಂಗಳದ ನಡುವೆ ಇಟ್ಟು ಮಣ್ಣು ತುಂಬಿ ಹೂಗಿಡ ನೆಡಿಸ್ತೇನೆ. ಬಂದವರೆಲ್ಲ ಪಕ್ಕ ನಿಂತು ಫೋಟೋ ತೆಗೆಸ್ಕೊಳ್ತಾರೆ. ಇಲ್ಲಿ ಕೋಳಿ ಹಿಕ್ಕೆ ಹಾಕುದಕ್ಕಿಂತ ಚಂದ ಅಲ್ವಾ?" ಎಂದರು.

ಅತ್ತೆ, "ದೀಪಾವಳಿ ಕಳೀಲಿ, ತಕ್ಕೊಂಡು ಹೋಗಿ" ಎಂದುಬಿಟ್ಟರು.

ಆ ಮಧ್ಯಾಹ್ನ ಅತ್ತೆ ಊಟ ಮಾಡಲಿಲ್ಲ. ನಾನು ಕರೆಯಲು ಹೋದರೆ ಅವರು ಹಿತ್ತಲಲ್ಲಿ ಕುಕ್ಕುರುಗಾಲಲ್ಲಿ ಕೂತು, ಒಂದು ಚಿಂದಿಯನ್ನು ಮೀನೆಣ್ಣೆಯಲ್ಲಿ ಅದ್ದಿ ಅದ್ದಿ ದೋಣಿಯ ಬೆನ್ನಿಗೆ ಉಜ್ಜುತ್ತಿದ್ದರು. ಕಣ್ಣು ಕೆಂಪಾಗಿತ್ತು.

"ಕೊಡೋ ದೋಣಿಗೆ ಎಣ್ಣೆ ಯಾಕತ್ತೆ?"

"ಎಲ್ಲಾ ವರ್ಷ ಹಚ್ಚುದೇ. ಎಣ್ಣೆ ಇಲ್ಲದಿದ್ರೆ ಮರದ ಸಂದಿಯಲ್ಲಿ ಹೇನು ಸೇರಿ ಕೋಳಿಗೆ ಹತ್ತುತ್ತದೆ" ಎಂದರು. ಆದರೆ ಅವರ ಅಂಗೈ ಹಲಗೆಯಿಂದ ಹಲಗೆಗೆ ಸರಿಯುತ್ತಿದ್ದ ರೀತಿಯಲ್ಲಿ ಕೋಳಿಯ ಹೇನಿನ ಚಿಂತೆ ಒಂದಿಷ್ಟೂ ಇರಲಿಲ್ಲ. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ನಾಲಿಗೆ ನನ್ನ ಮಾತು ಕೇಳುವುದಿಲ್ಲ, ಅದು ಹುಟ್ಟುಗುಣ.

ಮರುದಿನ ಅಣ್ಣಪ್ಪಯ್ಯನವರು ಅಳತೆ ತೆಗೆಯಲು ಆಳನ್ನು ಕರೆತಂದಾಗ ನಾನು ಸೊಸೆ ಎಂಬುದನ್ನೂ ಮರೆತು ಹಿತ್ತಲಿಗೆ ಬಂದು ಹೇಳಿದೆ: "ಇದು ಹೂಕುಂಡ ಅಲ್ಲ ಸ್ವಾಮಿ, ದೋಣಿ. ಇನ್ನೂ ಓಡುತ್ತೆ."

ಅಣ್ಣಪ್ಪಯ್ಯ ನಕ್ಕರು. "ಓಡಿದ್ರೆ ನನಗೂ ಸಂತೋಷವೇ ಮಗಳೇ. ದೀಪಾವಳಿಯ ಒಳಗೆ ಹಾಯಿ ಏರಿಸಿ ಹೊಳೆಯ ಆಚೆ ದಡ ಮುಟ್ಟಿ ವಾಪಸ್ ಬನ್ನಿ. ಹುಟ್ಟು ಹಾಕದೆ, ಬರೇ ಗಾಳಿಯಲ್ಲಿ. ಬಂದ್ರೆ ನಾನು ಇದರ ಸುದ್ದಿ ಎತ್ತುದಿಲ್ಲ. ಆಗದಿದ್ರೆ ಕೊಟ್ಟ ಮಾತು ಕೊಟ್ಟ ಹಾಗೆ."

ಅವರು ಹೋದ ಮೇಲೆ ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. "ನೀನು ಸಮುದ್ರ ಕಂಡದ್ದೇ ಮೊನ್ನೆ ಮಾರಾಯ್ತಿ! ಎಂತ ಗೊತ್ತುಂಟು ಅಂತ ಬಾಯಿ ಹಾಕಿದ್ದು?"

"ನನಗೆ ಗೊತ್ತಿಲ್ಲ. ನಿಮಗೆ ಗೊತ್ತಲ್ಲ?"

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೋಳಿಗಳನ್ನು ಒಂದೊಂದಾಗಿ ಹೊರಗೆ ಅಟ್ಟತೊಡಗಿದರು.

ಅಬ್ಬಬ್ಬಾ, ಆ ದಿನಗಳು! ನಮ್ಮವರು ತಾವು ಕೆಲಸ ಮಾಡುತ್ತಿದ್ದ ಐಸ್ ಫ್ಯಾಕ್ಟರಿಯ ನಾಲ್ಕು ಜನರನ್ನು ಕರೆತಂದು ದೋಣಿಯನ್ನು ಮಗುಚಿ ನೆಟ್ಟಗೆ ಕೂರಿಸಿದರು. ಒಳಗೆ ಕೋಳಿಹಿಕ್ಕೆ, ಹುಲ್ಲು, ಗರಿ, ಒಡೆದ ಮೊಟ್ಟೆಯ ಚಿಪ್ಪು. ಕೆರೆದು ತೊಳೆದ ಮೇಲೆ ಕಂದುಗೆಂಪು ಮರ ಹೊರಬಂತು, ಅದರ ನಡುವೆ ಕೂವೆಮರದ ಬುಡ ಕೂರುವ ಚೌಕ ಗುಂಡಿ. ಅತ್ತೆ ಸುತ್ತಿಗೆಯ ಹಿಡಿಯಿಂದ ಹಲಗೆ ಹಲಗೆಯನ್ನೂ ಕುಟ್ಟಿ, ಕಿವಿಯಿಟ್ಟು ಕೇಳಿದರು. ಒಳಗೆ ಹುಳ ತಿಂದ ಒಂದೇ ಒಂದು ಹಲಗೆ ಸಿಕ್ಕಿತು. ಆಮೆಕಲ್ಲಿಗೆ ಗುದ್ದಿದ್ದ ಜಾಗ ಅದು. "ಅಪ್ಪ ತೇಪೆ ಹಾಕಿದ್ದು. ಅವಸರದಲ್ಲಿ ಹಾಕಿದ್ದು" ಎಂದು ಅತ್ತೆ ಅದನ್ನು ಕೀಳಿಸಿ ಹೊಸ ಹಲಗೆ ಕೂರಿಸಿದರು.

ಹಲಗೆಗಳ ಸಂದಿಗೆ ಹೊನ್ನೆಣ್ಣೆಯಲ್ಲಿ ನೆನೆಸಿದ ಹತ್ತಿಯ ಬತ್ತಿ ತುಂಬುವ ಕೆಲಸ ನನ್ನದಾಯಿತು. ನಾನು ಒಳ್ಳೆಯ ಹೆಸರು ತೆಗೆಯಬೇಕೆಂಬ ಹುಮ್ಮಸ್ಸಿನಲ್ಲಿ ಸುತ್ತಿಗೆ ಹಿಡಿದು, ಒಂದು ಹನಿಯೂ ನುಗ್ಗದ ಹಾಗೆ ಗಿಡಿದು ಗಿಡಿದು ತುಂಬಿದೆ. ಒಂದು ಇಡೀ ಪಕ್ಕ ಮುಗಿಸಿ, ಬೆವರು ಒರೆಸಿಕೊಂಡು, ಅತ್ತೆ ಭೇಷ್ ಎನ್ನುತ್ತಾರೆ ಎಂದು ಕಾದೆ. ಅತ್ತೆ ನೋಡಿ ತಲೆಯ ಮೇಲೆ ಕೈಹೊತ್ತರು.

"ಅಯ್ಯೋ ದೇವರೇ, ಕೊಂದೆಯಲ್ಲೇ ಇದನ್ನ! ನೀರು ಕುಡಿದ ಮೇಲೆ ಹಲಗೆ ಉಬ್ಬುತ್ತದೆ. ಆಗ ಅದಕ್ಕೆ ಜಾಗ ಎಲ್ಲುಂಟು? ಮೊಳೆ ಕಿತ್ತುಕೊಂಡು ಹಲಗೆಯೇ ಎದ್ದು ಬರ್ತದೆ. ತೆಗಿ, ಅರ್ಧ ತೆಗಿ!"

ತುಂಬಿದ್ದನ್ನೆಲ್ಲ ಮತ್ತೆ ಕೆದಕಿ ತೆಗೆಯುವಾಗ ನನಗೆ ಅಳುವೇ ಬಂತು. ಆಗ ಬೇಲಿಯಾಚೆಯಿಂದ ಒಂದು ದನಿ ಕೇಳಿಸಿತು, ಯಾರಿಗೆಂದು ಹೇಳಿದ್ದಲ್ಲ, ಗಾಳಿಗೆ ಹೇಳಿದ್ದು: "ಬುಡದ ಹಲಗೆಯದ್ದು ತೆಗೀಬಾರ್ದು. ಅಲ್ಲಿ ಬಿಗಿಯೇ ಇರಬೇಕು."

ಅತ್ತೆ ಕೇಳಿಸಿಕೊಳ್ಳದವರ ಹಾಗೆ ಕೋಳಿಗೆ ಬೈದರು. ಆಮೇಲೆ ಮೆಲ್ಲನೆ ನನಗೆ, "ಬುಡದ್ದು ಹಾಗೇ ಇರಲಿ" ಎಂದರು.

ಮುಂದಿನದು ಇನ್ನೂ ಸೋಜಿಗ. ದೋಣಿಯನ್ನು ಹೊಳೆಗೆ ಒಯ್ದು ತೇಲಿಸುತ್ತಾರೆ ಎಂದುಕೊಂಡಿದ್ದೆ, ಅತ್ತೆ ಅದರೊಳಗೆ ಕಲ್ಲು ಹೇರಿಸಿ ಮುಳುಗಿಸಿದರು! ಅಳಿವೆಯ ಪಕ್ಕದ ಕೆಸರುಗುಂಡಿಯಲ್ಲಿ ಬೆಳ್ಳಕ್ಕಿಯ ಮೂತಿ ಮಾತ್ರ ಮೇಲೆ ಕಾಣುತ್ತಿತ್ತು. ದಂಡೆಯ ಮೇಲೆ ಊರೇ ನೆರೆದು ನಗಾಡಿತು. ಅಣ್ಣಪ್ಪಯ್ಯನವರೂ ಬಂದು ನೋಡಿ, "ಮುಳುಗೇ ಹೋಯ್ತಲ್ಲ, ಪಾಪ" ಎಂದು ನಿಜವಾಗಿಯೇ ಬೇಸರಪಟ್ಟರು.

"ಮುಳುಗಿದ್ದಲ್ಲ. ಬಾಯಾರಿದೆ, ನೀರು ಕುಡೀತಾ ಉಂಟು" ಎಂದರು ಅತ್ತೆ. ಆದರೆ ಮನೆಗೆ ಬಂದ ಮೇಲೆ ಅವರು ದೇವರ ಮುಂದೆ ಬಹಳ ಹೊತ್ತು ಕೂತಿದ್ದರು. ಮರ ಒಣಗಿ ಒಣಗಿ ಸತ್ತೇ ಹೋಗಿದ್ದರೆ ಅದು ಎಷ್ಟು ನೀರು ಕುಡಿದರೂ ಉಬ್ಬುವುದಿಲ್ಲವಂತೆ. ವರ್ಷ ವರ್ಷವೂ ಎಣ್ಣೆ ಕಂಡ ಮರ ಮಾತ್ರ ಉಳಿದಿರುತ್ತದಂತೆ.

ಒಂದು ವಾರದ ಮೇಲೆ ಕಲ್ಲು ಇಳಿಸಿ ನೀರು ಮೊಗೆದು ಚೆಲ್ಲಿದೆವು. ಎಲ್ಲರೂ ದೋಣಿಯ ತಳ ನೋಡುತ್ತ ನಿಂತೆವು. ಅಲ್ಲಲ್ಲಿ ಸಂದಿಯಿಂದ ನೀರು ಜಿನುಗಿತು. ನಾನು ಅತ್ತೆಯ ಕೈ ಹಿಡಿದುಕೊಂಡೆ. ಜಿನುಗು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ನಿಂತಿತು. ಬೆಳ್ಳಕ್ಕಿ ಸುಮ್ಮನೆ ನೀರಿನ ಮೇಲೆ ಕೂತು ಅತ್ತಿತ್ತ ತೂಗತೊಡಗಿದಾಗ ನಾನು ಕುಣಿದಾಡಿಬಿಟ್ಟೆ. ಕೆಸರಿನಲ್ಲಿ ಜಾರಿ ಬಿದ್ದೆ ಕೂಡ.

ಒಡಲೇನೋ ಬದುಕಿತು. ಆದರೆ ಅದಕ್ಕೆ ಜೀವ ಕೊಡುವ ಕೂವೆಮರ ಬೇಲಿಯಾಚೆಯಲ್ಲಿತ್ತು.

"ಹೊಸ ಮರ ಕಡಿಸುವ" ಎಂದರು ನಮ್ಮವರು.

"ಆ ಗುಂಡಿಗೆ ಬೇರೆ ಕೂವೆ ಕೂರುದಿಲ್ಲ. ಅಪ್ಪ ಎರಡನ್ನೂ ಒಂದಕ್ಕೊಂದು ಕೆತ್ತಿದ್ದು" ಎಂದು ಅತ್ತೆ ಒಳಗೆ ಹೋದರು.

ನಾನು ಬೇಲಿ ದಾಟಿದೆ. ಆ ಬೇಲಿಗೆ ದಾಟಿ ಹೋಗುವ ದಣಪೆ ಕೂಡ ಇರಲಿಲ್ಲ. ಮುಳ್ಳಿಗೆ ಸೀರೆ ಹರಿಯಿತು. ಚಿಕ್ಕತ್ತೆ ಮಾದೇವಿ ಜಗಲಿಯಲ್ಲಿ ಹಪ್ಪಳ ಒಣಹಾಕುತ್ತಿದ್ದರು, ಅಗಲವಾದ ದಪ್ಪ ಬಟ್ಟೆಯ ಮೇಲೆ. ಆ ಬಟ್ಟೆಯ ಅಂಚಿಗೆ ಹಗ್ಗ ಹೊಲಿದಿತ್ತು. ಹಾಯಿ! ಚಿಕ್ಕತ್ತೆಯದು ಅತ್ತೆಯಷ್ಟೇ ಕಡ್ಡಿ ಮೈ, ಅತ್ತೆಯದೇ ಮೂಗು, ಅತ್ತೆಯದೇ ದುರುಗುಟ್ಟುವ ಕಣ್ಣು.

"ಗಳ ಕೇಳಲಿಕ್ಕೆ ಬಂದದ್ದಲ್ವಾ? ಕೊಟ್ರೆ ನನ್ನ ಸೀರೆ ಎಲ್ಲಿ ಒಣಗಿಸುದು?"

ನಾನು ಕೂವೆಮರದ ಹತ್ತಿರ ಹೋಗಿ ಕೈಯಾಡಿಸಿದೆ. ನುಣುಪೆಂದರೆ ನುಣುಪು. ಬಿರುಕಿಲ್ಲ, ಬೂಷ್ಟಿಲ್ಲ. ಮೂಸಿ ನೋಡಿದರೆ ಅದೇ ಮೀನೆಣ್ಣೆ.

"ಇದಕ್ಕೂ ಎಣ್ಣೆ ಹಚ್ಚುತ್ತೀರಾ ಚಿಕ್ಕತ್ತೆ?"

"ಹಚ್ಚದಿದ್ರೆ ಸಿಬಿರು ಎದ್ದು ಸೀರೆ ಹರೀತದೆ" ಎಂದರು ಅವರು, ಬೇರೆ ಕಡೆ ನೋಡುತ್ತ.

ಮೀನೆಣ್ಣೆ ಹಚ್ಚಿದ ಗಳದ ಮೇಲೆ ಯಾರಾದರೂ ಒಗೆದ ಸೀರೆ ಹರವುತ್ತಾರೆಯೇ? ವರ್ಷಕ್ಕೊಮ್ಮೆ ಅವರ ಸೀರೆಗಳೆಲ್ಲ ಮೀನಿನ ವಾಸನೆ ಹೊಡೆಯುತ್ತಿದ್ದವೆಂದು ಊರವರು ಆಡಿಕೊಳ್ಳುತ್ತಿದ್ದುದು ನನಗೆ ಆಮೇಲೆ ತಿಳಿಯಿತು. ಆ ಹೊತ್ತಿಗೆ ನನಗೆ ಹೊಳೆದದ್ದು ಇಷ್ಟೇ: ಬೇಲಿಯ ಆಚೆಗೊಬ್ಬಳು ಈಚೆಗೊಬ್ಬಳು ಸುಳ್ಳು ನೆಪ ಹೇಳಿಕೊಂಡು ಒಂದೇ ದೋಣಿಯನ್ನು ಇಷ್ಟು ಕಾಲ ಕಾಪಾಡಿದ್ದರು. "ನಮ್ಮತ್ತೆ ಕೋಳಿಗೆ ಹೇನು ಹತ್ತಬಾರದೆಂದು ಒಡಲಿಗೆ ಹಚ್ಚುತ್ತಾರೆ" ಎಂದೆ.

ಚಿಕ್ಕತ್ತೆಯ ಕೈಯಲ್ಲಿದ್ದ ಹಪ್ಪಳ ಅಲ್ಲೇ ನಿಂತಿತು. ಅವರು, "ಅಪ್ಪನಿಗೆ ತಲೆ ಇರಲಿಲ್ಲ ಅಂತ ಊರೆಲ್ಲ ನಗಾಡಿತು. ಅವನಿಗೆ ತಲೆ ಇತ್ತು. ಅರ್ಧ ಅರ್ಧ ಕೊಟ್ರೆ ಒಂದು ದಿನವಾದ್ರೂ ಒಬ್ಬಳ ಬಾಗಿಲಿಗೆ ಇನ್ನೊಬ್ಬಳು ಬಂದೇ ಬರ್ತಾಳೆ ಅಂತ ಅವನ ಲೆಕ್ಕ. ಅವನ ಮಕ್ಕಳ ಹಟ ಎಷ್ಟು ಅಂತ ಅವನಿಗೇ ಗೊತ್ತಿರಲಿಲ್ಲ, ಅಷ್ಟೆ" ಎಂದರು. ಮರುಗಳಿಗೆ ದನಿ ಗಡುಸಾಯಿತು. "ಕೂವೆ ಕೊಡ್ತೇನೆ. ಆದ್ರೆ ನನ್ನ ಪಾಲನ್ನು ಅವಳ ಕೈಗೆ ಬಿಡುವವಳಲ್ಲ ನಾನು. ಹಾಯಿ ಹಗ್ಗ ಹಿಡಿಯುದು ನಾನೇ. ಹೇಳು ಅವಳಿಗೆ."

ಹೇಳಿದೆ. ಅತ್ತೆ, "ಚುಕ್ಕಾಣಿ ನನ್ನ ಪಾಲಿನದ್ದು, ಅದನ್ನ ಅವಳು ಮುಟ್ಟಬಾರ್ದು. ಹೇಳು ಅವಳಿಗೆ" ಎಂದರು. ಇಷ್ಟೇ ಸಾಕಾಗಿತ್ತು ನನಗೆ.

ಹಾಯಿಯಿಂದ ಹಪ್ಪಳದ ಪುಡಿ ಕೊಡವಿ, ತವರಿನಿಂದ ತಂದಿದ್ದ ಹೊಲಿಗೆ ಯಂತ್ರದಲ್ಲಿ ಹರಿದಲ್ಲೆಲ್ಲ ತೇಪೆ ಹಾಕಿದೆ. ಆಮೇಲೆ ಮತ್ತಿಮರದ ಚಕ್ಕೆ ಕುದಿಸಿದ ರಸದಲ್ಲಿ ಅದನ್ನು ಅದ್ದಿದೆವು. ಉಪ್ಪುಗಾಳಿಗೆ ಬಟ್ಟೆ ಲಡ್ಡಾಗಿ ಹರಿಯದಿರಲೆಂದು. ಹಾಯಿ ಕೆಂಪಾಯಿತು, ನನ್ನ ಕೈಯೂ ಮೊಣಕೈವರೆಗೆ ಕೆಂಪಾಯಿತು. ಕೂವೆಮರ ಗುಂಡಿಗೆ ಇಳಿದದ್ದು ಹೇಗೆಂದರೆ, ಒಂದು ಸಲ ಗುಟುಕ್ ಎಂದಿತು, ಕೂತುಬಿಟ್ಟಿತು. ನೆರೆದವರೆಲ್ಲ ಕೂಗಿಕೊಂಡರು. ಅಕ್ಕ ತಂಗಿ ಮಾತ್ರ ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ ನೋಡುತ್ತ ನಿಂತಿದ್ದರು.

ದೀಪಾವಳಿಯ ಹಿಂದಿನ ದಿನ, ಬಿಸಿಲು ಏರಿ ಸಮುದ್ರದ ಗಾಳಿ ಎದ್ದಾಗ, ನಾವು ಮೂವರೂ ಬೆಳ್ಳಕ್ಕಿ ಹತ್ತಿದೆವು. ಹಿಂದೆ ಚುಕ್ಕಾಣಿ ಹಿಡಿದು ಅತ್ತೆ. ಮುಂದೆ ಹಗ್ಗ ಹಿಡಿದು ಚಿಕ್ಕತ್ತೆ. ನಡುವೆ ನೀರು ಮೊಗೆಯುವ ತಂಬಿಗೆ ಹಿಡಿದು ನಾನು, ನನ್ನ ಕಾಲಬಳಿ ಮುಟ್ಟಬಾರದ ಹುಟ್ಟು. ದಡದಲ್ಲಿ ಅಣ್ಣಪ್ಪಯ್ಯನವರ ಜೊತೆ ಇಡೀ ಊರು. ಹಾಯಿ ಏರಿತು, ಉಬ್ಬಿತು, ದೋಣಿ ಒಮ್ಮೆ ಮೈ ಕೊಡವಿ ಹೊರಟೇಬಿಟ್ಟಿತು. ನಾನು ಕಿರುಚಿಬಿಟ್ಟೆ. ಭಯವೋ ಖುಷಿಯೋ ಹೇಳಲಾರೆ, ಎರಡೂ ಇದ್ದವು.

"ಹಗ್ಗ ಸ್ವಲ್ಪ ಎಳೀಲಿಕ್ಕೆ ಹೇಳು ಅವಳಿಗೆ" ಎಂದರು ಅತ್ತೆ.

"ಚಿಕ್ಕತ್ತೆ, ಹಗ್ಗ ಎಳೀಬೇಕಂತೆ."

"ನನಗೆ ಗೊತ್ತುಂಟು. ಮೂತಿ ನೆಟ್ಟಗೆ ಇಡ್ಲಿಕ್ಕೆ ಹೇಳು ಅವಳಿಗೆ."

"ಅತ್ತೆ, ಮೂತಿ ನೆಟ್ಟಗೆ..."

"ಕೇಳಿತು!"

ಹೀಗೇ, ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ಕೂತವರ ನಡುವೆ ನಾನು ಟಪಾಲು ಹೊರುತ್ತಿದ್ದಂತೆಯೇ ಆಚೆ ದಡ ಮುಟ್ಟಿದೆವು. ಬೆಳ್ಳಕ್ಕಿಯ ಮೂತಿ ಮರಳಿಗೆ ತಾಗಿದ್ದೇ ಈಚೆ ದಡದಿಂದ ಹೋ ಎಂಬ ಕೂಗು ಕೇಳಿಸಿತು. ಇನ್ನು ಅರ್ಧ ದಾರಿ.

ಮರಳುವಾಗ ನೀರಿಳಿತ ಶುರುವಾಗಿತ್ತು. ಹೊಳೆಯ ನೀರೆಲ್ಲ ಸಮುದ್ರಕ್ಕೆ ಓಡುತ್ತ ನಮ್ಮನ್ನೂ ಎಳೆಯುತ್ತಿತ್ತು. ಎದುರಿಗೆ, ನೀರಿನಿಂದ ಬೆನ್ನು ಹೊರಗೆ ಹಾಕಿ, ಕಪ್ಪಗೆ, ಆಮೆಕಲ್ಲು. ಅದನ್ನು ತಪ್ಪಿಸಲು ದೋಣಿ ಗಾಳಿಗೆ ಬೆನ್ನು ಕೊಟ್ಟು ತಿರುಗಬೇಕು. ಚುಕ್ಕಾಣಿ ತಿರುಗುವುದೂ ಹಗ್ಗ ಸಡಿಲುವುದೂ ಒಂದೇ ಉಸಿರಿನಲ್ಲಿ ಆಗಬೇಕು. ಹಗ್ಗ ಬಿಗಿಯಿದ್ದರೆ ದೋಣಿ ಚುಕ್ಕಾಣಿಯ ಮಾತು ಕೇಳುವುದಿಲ್ಲ, ಚುಕ್ಕಾಣಿ ತಿರುಗದಿದ್ದರೆ ಹಗ್ಗ ಬಿಟ್ಟೂ ಪ್ರಯೋಜನವಿಲ್ಲ. ಇದನ್ನು ನಾನು ಆಮೇಲೆ ಕಲಿತೆ. ಆಗ ಗೊತ್ತಿದ್ದದ್ದು ಕಲ್ಲು ಹತ್ತಿರ ಹತ್ತಿರ ಬರುತ್ತಿದೆ ಎಂಬುದು ಮಾತ್ರ. ಅದರ ಮೈಮೇಲಿನ ಚಿಪ್ಪುಗಳೂ ಕಾಣತೊಡಗಿದವು.

"ಹೇಳು ಅವಳಿಗೆ..." ಎಂದು ಅತ್ತೆ ಶುರುಮಾಡಿದರು.

ನನ್ನ ಬಾಯಿಯಿಂದ ದನಿಯೇ ಹೊರಡಲಿಲ್ಲ. ನಾಲಿಗೆ ಒಣಗಿ ಅಂಟಿಕೊಂಡಿತ್ತು. ಹುಟ್ಟುಗುಣದ ನಾಲಿಗೆ, ಬೇಕಾದಾಗ ಕೈಕೊಟ್ಟಿತು. ನನ್ನ ಕೈ ತಾನಾಗಿ ಹುಟ್ಟಿನ ಮೇಲೆ ಹೋಯಿತು.

"ಹುಟ್ಟು ಮುಟ್ಟಬೇಡ!" ಎಂದು ಇಬ್ಬರೂ ಒಟ್ಟಿಗೆ ಕಿರುಚಿದರು. ಅದರ ಬೆನ್ನಿಗೇ, "ಬಿಡೇ ಮಾದೂ!" ಎಂಬ ಕೂಗು ಹಿಂದಿನಿಂದ, "ತಿರುಗಿಸೇ ಅಕ್ಕಾ!" ಎಂಬ ಕೂಗು ಮುಂದಿನಿಂದ, ಎರಡೂ ನನ್ನ ತಲೆಯ ಮೇಲೆ ಡಿಕ್ಕಿ ಹೊಡೆದವು. ಹಗ್ಗ ಸರ್ರನೆ ಸಡಿಲಿತು, ಚುಕ್ಕಾಣಿ ಕಿರ್ರೆಂದಿತು, ಕೆಂಪು ಹಾಯಿ ಹೊರಕ್ಕೆ ಹಾರಿ ತುಂಬಿಕೊಂಡಿತು. ಆಮೆಕಲ್ಲು ನನ್ನ ಬಲಗೈ ಪಕ್ಕದಲ್ಲಿ ಹಾದುಹೋಯಿತು. ಚಾಚಿದ್ದರೆ ತಟ್ಟಬಹುದಿತ್ತು.

ಆಮೇಲೆ ಅತ್ತೆ, ಚುಕ್ಕಾಣಿಯಿಂದ ಕಣ್ಣು ಕೀಳದೆ, "ಅವತ್ತು ತಡ ಮಾಡಿದ್ದು ನಾನೇ ಮಾದೂ" ಎಂದರು. ಈ ಸಲ ಹೇಳು ಅವಳಿಗೆ ಎನ್ನಲಿಲ್ಲ.

ಚಿಕ್ಕತ್ತೆ ಗಕ್ಕನೆ ತಿರುಗಿದರು. "ಎಂತ ನೀನು ಮಾಡಿದ್ದು? ಹಗ್ಗ ಇದ್ದದ್ದು ನನ್ನ ಕೈಯಲ್ಲಿ. ತಡ ಮಾಡಿದ್ದು ನಾನು."

"ಅಲ್ಲ ಅಂದ್ರೆ! ನಾನು ದಡದ ಜನ ನೋಡ್ತಾ ಇದ್ದೆ."

"ಸುಳ್ಳು ಹೇಳಬೇಡ ಅಕ್ಕ. ನೋಡ್ತಾ ಇದ್ದದ್ದು ನಾನು!"

ದೇವರೇ, ಮತ್ತೆ ಜಗಳ! ದನಿ ಏರಿತು, ಇಬ್ಬರ ಕಣ್ಣಲ್ಲೂ ನೀರು ಇಳಿಯುತ್ತಿತ್ತು, ಯಾರೊಬ್ಬರೂ ತಪ್ಪನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ತಯಾರಿರಲಿಲ್ಲ. ಜಗಳವಾಡುತ್ತಲೇ ಅವರು ದೋಣಿಯನ್ನು ಹೂವಿನ ಹಾಗೆ ದಡಕ್ಕೆ ತಂದು ಕೂರಿಸಿದರು. ನಾನು ತಂಬಿಗೆಯನ್ನು ಎದೆಗೆ ಅವಚಿಕೊಂಡು ನಗುತ್ತಲೂ ಅಳುತ್ತಲೂ ಇದ್ದೆ.

ಅಣ್ಣಪ್ಪಯ್ಯನವರು ಪಂಚೆ ಎತ್ತಿಕೊಂಡು ನೀರಿಗಿಳಿದು ಬಂದರು. ಮುಖ ಅರಳಿತ್ತು. "ಗೆದ್ರಿ ಹೊನ್ನಮ್ಮ! ನಮ್ಮಲ್ಲಿಗೆ ಬಂದವರನ್ನ ಇದರಲ್ಲಿ ಒಂದು ಸುತ್ತು ಕರ್ಕೊಂಡು ಹೋಗ್ತೀರಾ?"

"ಅವರನ್ನ ಹೂಕುಂಡದಲ್ಲಿ ಕೂರಿಸಿ" ಎಂದರು ಅತ್ತೆ. ಚಿಕ್ಕತ್ತೆ ಕಿಸಕ್ಕನೆ ನಕ್ಕರು.

ಆಮೇಲಿನ ಎಷ್ಟೋ ವರ್ಷ ಆ ಹಾಯಿಗೆ ನಾನೇ ತೇಪೆ ಹಾಕಿದೆ, ಸಂದಿಗಳಿಗೆ ನಾನೇ ಹತ್ತಿ ತುಂಬಿದೆ, ಅರ್ಧ ಮಾತ್ರ. ಅವತ್ತಿನ ತಪ್ಪು ಯಾರದೆಂಬ ಜಗಳ ಅವರಿಬ್ಬರೂ ಇರುವತನಕ ಮುಗಿಯಲಿಲ್ಲ.

ಆ ಮೊದಲ ವರ್ಷ ಮಳೆಗಾಲ ಹತ್ತಿರವಾದಾಗ ಒಡಲನ್ನು ಮತ್ತೆ ನಮ್ಮ ಹಿತ್ತಲಿನಲ್ಲಿ ಬೋರಲು ಹಾಕಿದೆವು. ಕೋಳಿಗಳು ಏನೂ ನಡೆದಿಲ್ಲವೆಂಬಂತೆ ಒಳಗೆ ಹೋದವು. ಕೂವೆಮರವನ್ನು ಯಾರ ಹಿತ್ತಲಲ್ಲಿಡುವುದೆಂದು ಯಾರೂ ಕೇಳಲಿಲ್ಲ. ಒಂದು ಬೆಳಿಗ್ಗೆ ಬಾಗಿಲು ತೆರೆದು ನೋಡಿದರೆ ಅದು ಬೇಲಿಯ ಮೇಲೇ ಅಡ್ಡ ಮಲಗಿತ್ತು, ಒಂದು ತುದಿ ಈಚೆಯ ಕವೆಗೋಲಿನ ಮೇಲೆ, ಇನ್ನೊಂದು ಆಚೆಯದರ ಮೇಲೆ. ಆ ಕಡೆ ಚಿಕ್ಕತ್ತೆಯ ಸೀರೆ, ಈ ಕಡೆ ಅತ್ತೆಯದು. ನಡುವೆ, ಬೇಲಿಗೆ ಸರಿಯಾಗಿ ಮೇಲೆ, ಮುಳ್ಳಿಗೆ ಹರಿದಿದ್ದ ನನ್ನ ಸೀರೆಯನ್ನು ಯಾರೋ ಹೊಲಿದು ಒಗೆದು ಹರವಿದ್ದರು. ಗಾಳಿ ಬಂತು, ಮೂರೂ ಒಟ್ಟಿಗೆ ಉಬ್ಬಿದವು.